ಬಾಂದುಕಲ್ಲಿನ ಹತ್ತಿರ ಎರಡು ದೀಪ

ಡಿಸೆಂಬರ್ 30, 2024, ಸೋಮವಾರ

ಈ ರಾತ್ರಿ ನಮ್ಮ ಹೊಲದಲ್ಲಿ ಇಬ್ಬರು ಬಂದು ನಿಂತು ಹೋದರು. ಯಾರಿಗೂ ಹೇಳಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಳ್ಳಮಾಸಿ, ಹೊಲದಲ್ಲಿ ಉಣ್ಣುವ ಅಮಾವಾಸ್ಯೆ ಎಂದು ಬೆಳಿಗ್ಗೆಯಿಂದ ಹೊಲದಲ್ಲೇ ಇದ್ದೆವು. ಅಪ್ಪ ಬುದ್ಧನ ಪಟ ತಂದ ವರ್ಷದಿಂದ ನಮ್ಮಲ್ಲಿ ಹೊಲದ ಪೂಜೆ ನಿಂತಿದೆ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಮಾತ್ರ ನಿಂತಿಲ್ಲ. ಅಪ್ಪ ತೀರಿಕೊಂಡ ಮೇಲೂ ನಿಂತಿಲ್ಲ. ಊಟ ಮುಗಿಸಿ ಅಣ್ಣ ಧಮ್ಮಪಾಲ ಜೇವರ್ಗಿಗೆ ಹೋದ. ಅಲ್ಲಿಯ ದಾಲ್ ಮಿಲ್ಲಿನಲ್ಲಿ ಅವನಿಗೆ ಕೆಲಸ. ಕೊಯ್ದ ತೊಗರಿಯ ಬಣವೆ ಕಾಯಲು ಅವ್ವ ಮತ್ತು ನಾನು ಉಳಿದೆವು.

ಅವ್ವನಿಗೆ ನಿದ್ದೆ ಹತ್ತಿದ ಮೇಲೆ ಚೌಡಾಪುರದ ರಸ್ತೆ ಕಡೆಯಿಂದ ಎರಡು ದೀಪ ಬಂದವು. ಒಬ್ಬ ಗಂಡಸು, ಒಬ್ಬ ಹೆಂಗಸು. ದಾರಿ ತಪ್ಪಿದವರ ಹಾಗೆ ನಡೆಯಲಿಲ್ಲ. ಮೊಬೈಲ್ ಮುಂದೆ ಹಿಡಿದುಕೊಂಡು, ನಿಂತು ನಿಂತು, ಹೆಜ್ಜೆ ಎಣಿಸುವವರ ಹಾಗೆ ಬಂದರು.

"ಇನ್ನ ನಾಕ್ ಹೆಜ್ಜಿ. ಅಲ್ಲಲ್ಲ, ಎಡಕ್ಕ ಬಾ" ಎಂದ ಗಂಡಸು.

"ಇಲ್ಲೇ! ಬಂತ ನೋಡ್ರಿ, ಇಲ್ಲೇ!" ಎಂದಳು ಹೆಂಗಸು.

ಇಬ್ಬರೂ ನಿಂತದ್ದು ನಮ್ಮ ಹೊಲದ ಗಡಿಯ ಬಾಂದುಕಲ್ಲಿನ ಹತ್ತಿರ. ಅದರ ಮೇಲೆ ಒಂದು ಫೋನ್ ಇಟ್ಟು ಇನ್ನೊಂದರಿಂದ ಫೋಟೊ ತೆಗೆದರು. ಬೆಳಕು ಹೊಡೆಯಿತು. ನಾನು ಬಣವೆಯ ಹಿಂದೆ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಅವರು ನಗುತ್ತಾ ಹೋದರು.

ನಾಲ್ಕು ಮೂಲೆಯ ಕಲ್ಲುಗಳಲ್ಲಿ ಉಳಿದಿರುವುದು ಇದೊಂದೇ. ಪಕ್ಕದ ಹೊಲದ ದೌಲತರಾಯ ವರ್ಷಕ್ಕೊಂದು ಸಾಲು ಒಳಗೆ ಬರುತ್ತಿದ್ದಾನೆ. ಈಗ ಬಾವಿಯೂ ತನ್ನ ಪಾಲಿನದೇ ಅನ್ನುತ್ತಾನೆ. ಊರ ಬಾವಿಯ ಹಗ್ಗ ಮುಟ್ಟಗೊಡದ ಕಾಲದಲ್ಲಿ ನಮ್ಮ ಅಜ್ಜ ತೋಡಿದ ಬಾವಿ ಅದು. ಅಣ್ಣ ಗಡಿ ಅಳೆಸುವ ಹದ್ದುಬಸ್ತಿಗೆ ಅರ್ಜಿ ಹಾಕಿದ್ದಾನೆ. ಜನವರಿ ಇಪ್ಪತ್ತೊಂದಕ್ಕೆ ಸರ್ವೇಯರ್ ಬರುತ್ತಾರೆ, ಈ ಕಲ್ಲಿನಿಂದಲೇ ಅಳೆಯುತ್ತಾರೆ.

ಅದು ಗೊತ್ತಿದ್ದವರು ಮಾತ್ರ ಕತ್ತಲಲ್ಲಿ ನೇರವಾಗಿ ಆ ಕಲ್ಲಿಗೆ ಬರುತ್ತಾರೆ.

ಜನವರಿ 2, 2025, ಗುರುವಾರ

ಎರಡು ದಿನ ಯೋಚಿಸಿ ಇವತ್ತು ಚೌಡಾಪುರಕ್ಕೆ ಹೋದೆ. ರಸ್ತೆಯ ಮೇಲೆ ಮುಜೀಬ ಚಾಚಾನ ಹೋಟೆಲಿದೆ. ರಾತ್ರಿ ಯಾವ ಗಾಡಿ ಬಂದರೂ ಅವನಿಗೆ ಗೊತ್ತಾಗುತ್ತದೆ. ಹೋಟೆಲಿನ ಎದುರು ಬಸ್ಸಿಗೆ ಕಾಯುವವಳ ಹಾಗೆ ಬಹಳ ಹೊತ್ತು ನಿಂತೆ. ಗಿರಾಕಿಗಳು ಹೋದ ಮೇಲೆ ಒಳಗೆ ಹೋದೆ.

"ಎಳ್ಳಮಾಸಿ ದಿನ ರಾತ್ರಿ... ಯಾರಾರ..." ಅಷ್ಟೇ ನನ್ನ ಬಾಯಿಂದ ಬಂದದ್ದು.

"ಬಿಳಿ ಗಾಡಿಯವ್ರಾ? ಗುಲ್ಬರ್ಗಾದವ್ರು ಬೇ. ಗಂಡ ಹೆಂಡ್ತಿ. ಚಹಾ ಕುಡದ್ರು, ಮತ್ತ ಒಂದೊಂದು ಚಹಾ ಕುಡದ್ರು. ದೌಲತರಾಯ ಸಾಹುಕಾರ ಇಲ್ಲೇ ಕುಂತಿದ್ರಲ್ಲ, ಅವ್ರ ಸಂಗಾಟ ಮಸ್ತ್ ಮಾತಾಡಿದ್ರು."

ನನ್ನ ಕಿವಿ ಬಿಸಿಯಾದವು. ಹೊರಟುಬಿಟ್ಟೆ. "ಏ ನಂದಾ, ನಿಂದರ ಬೇ, ಪೂರಾ ಕೇಳು!" ಎಂದು ಹಿಂದಿನಿಂದ ಕೂಗಿದ. ನಿಲ್ಲಲಿಲ್ಲ. ಕೇಳುವುದಕ್ಕೆ ಇನ್ನೇನು ಉಳಿದಿತ್ತು?

ಅದನ್ನು ಹೇಳುವಾಗ ಮುಜೀಬ ಚಾಚಾ ಕೂಡ ಯಾಕೆ ಅಷ್ಟು ನಗುತ್ತಿದ್ದ?

ಜನವರಿ 5, ಭಾನುವಾರ

ಅಣ್ಣ ಬಂದಿದ್ದ. ಸರ್ವೇಯರ್ ನೋಟೀಸಿನ ಕಾಗದ ತೋರಿಸಿದ. "ಕಲ್ಲಿಗಿ ಯಾರೂ ಕೈ ಹಚ್ಚಬ್ಯಾಡ್ರಿ. ಅದು ಹ್ಯಾಂಗದನೋ ಹಂಗೇ ಇರಬೇಕು" ಎಂದು ಅವ್ವನಿಗೂ ನನಗೂ ಹೇಳಿದ.

ಆಗಲೇ ಹೇಳಬೇಕಿತ್ತು. ಆದರೆ ಎರಡು ವರ್ಷದ ಹಿಂದೆ ರಾತ್ರಿ ದೀಪ ಕಂಡು ನಾನು ಕಳ್ಳರೆಂದು ಕೂಗಿದ್ದೆ. ಊರಿನವರು ಬಡಿಗೆ ಹಿಡಿದು ಓಡಿ ಬಂದರೆ, ಕಂಬದ ಮೇಲೆ ಕರೆಂಟಿನವರು. ಇವತ್ತಿಗೂ ನೀರಿಗೆ ಹೋದಾಗ ಹೆಂಗಸರು "ಕಳ್ಳರ ನಂದಾ ಬಂದ್ಳು" ಅನ್ನುತ್ತಾರೆ. ಶಾಲೆಯಲ್ಲಿಯೂ ಹಾಗೆಯೇ, ಎದ್ದು ನಿಂತರೆ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟಾಗ ಓದು ಹೋಯಿತೆಂದು ಅತ್ತೆ. ಇನ್ನು ಎದ್ದು ನಿಲ್ಲಬೇಕಿಲ್ಲ ಎಂದು ಒಳಗೊಳಗೆ ಸಮಾಧಾನವೂ ಆಗಿತ್ತು.

ಮಧ್ಯಾಹ್ನ ಮನೆಗೆ ಬಂದು ಉಣ್ಣುವಾಗ ಅಣ್ಣನಿಗೆ ಫೋನ್ ಬಂತು. ಎದ್ದು ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿಕೊಂಡು ಪಿಸುಗುಟ್ಟಿದ. "ಇಪ್ಪತ್ತೊಂದು ಮುಗೀಲಿ, ಆಮ್ಯಾಲ ಎಲ್ಲಾರಿಗೂ ಹೇಳ್ತೇನಿ" ಅಂದದ್ದು ಮಾತ್ರ ಕೇಳಿಸಿತು.

ಏನು ಹೇಳುತ್ತಾನೆ? ಯಾರಿಗೆ? ಒಡಹುಟ್ಟಿದವನ ಮೇಲೆ ಹೀಗೆ ಬರೆಯಬಾರದು. ಬರೆದಾಗಿದೆ.

ಜನವರಿ 7, ಮಂಗಳವಾರ

ಅಂಗೈಯಲ್ಲಿ ಗುಳ್ಳೆ ಎದ್ದಿವೆ, ಅಕ್ಷರ ಸರಿ ಬರುತ್ತಿಲ್ಲ.

ನಿನ್ನೆ ರಾತ್ರಿ ರಸ್ತೆಯಲ್ಲಿ ಮತ್ತೆ ಒಂದು ಗಾಡಿ ನಿಂತಿತು. ಯಾರೂ ಇಳಿಯಲಿಲ್ಲ, ಸ್ವಲ್ಪ ಹೊತ್ತಿಗೆ ಹೋಯಿತು. ಆಗ ನನಗೆ ಎಲ್ಲವೂ ಸ್ಪಷ್ಟವಾಯಿತು. ಎಳ್ಳಮಾಸಿಗೆ ಕಲ್ಲು ಎಲ್ಲಿದೆ ಎಂದು ನೋಡಿ ಹೋದರು. ಇನ್ನು ಯಾವುದೋ ರಾತ್ರಿ ಬಂದು ಅದನ್ನು ಬಾವಿಯ ಈಚೆ ನೆಟ್ಟು ಹೋಗುತ್ತಾರೆ. ಇಪ್ಪತ್ತೊಂದಕ್ಕೆ ಸರ್ವೇಯರ್ ಅದರಿಂದಲೇ ಅಳೆಯುತ್ತಾನೆ.

ಕಲ್ಲೇ ಇಲ್ಲದಿದ್ದರೆ ಯಾವುದನ್ನು ಸರಿಸುತ್ತಾರೆ?

ಅವ್ವ ಗೊರಕೆ ಹೊಡೆಯುತ್ತಿದ್ದಳು. ಹಾರೆ ತೆಗೆದುಕೊಂಡು ಹೋದೆ. ಎರೆ ನೆಲ ಬಿರುಕು ಬಿಟ್ಟಿತ್ತು, ಆದರೂ ಕಲ್ಲು ಅಲುಗಲು ಬಹಳ ಹೊತ್ತು ಹಿಡಿಯಿತು. ಮೊಳಕಾಲುದ್ದದ ಕಲ್ಲು. ಉರುಳಿಸಿ ಉರುಳಿಸಿ ಬಾವಿಯ ಹತ್ತಿರ ಒಯ್ದು ತೊಗರಿ ಕಟ್ಟಿಗೆಯ ಕೆಳಗೆ ಮುಚ್ಚಿದೆ. ಕುಣಿಗೆ ಮಣ್ಣು ತುಂಬಿ ಮೇಲೆ ಒಂದು ಒಣ ಕಂಟಿ ಚುಚ್ಚಿ ಗುರುತು ಮಾಡಿದೆ. ಇಪ್ಪತ್ತರ ರಾತ್ರಿ ಮತ್ತೆ ಅಲ್ಲೇ ನೆಡುತ್ತೇನೆ.

ಇಂಥ ಉಪಾಯ ನನಗೆ ಹೊಳೆಯಿತಲ್ಲ ಎಂದು ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಜನವರಿ 11, ಶನಿವಾರ

ತೊಗರಿ ರಾಶಿ ಮುಗಿದು ನಾವು ಮನೆಗೆ ಬಂದು ಎರಡು ದಿನ ಆಗಿತ್ತು. ಇವತ್ತು ಹೋಗಿ ನೋಡಿದರೆ ದೌಲತರಾಯನ ಟ್ರಾಕ್ಟರ್ ತನ್ನ ಹೊಲದ ಜೊತೆಗೆ ನಮ್ಮ ಬದುವನ್ನೂ ಹೊಡೆದುಕೊಂಡು ಹೋಗಿದೆ. ಅವನೇ ನಿಂತಿದ್ದ.

"ಕಲ್ಲು ಕಾಣಲಿಲ್ಲ ತಂಗಿ. ಕಲ್ಲ ಇಲ್ದಲ್ಲಿ ಡ್ರೈವರ್ ಎಲ್ಲಿ ತಿರುಗಬೇಕು, ನೀನೇ ಹೇಳು" ಎಂದ.

ಕಂಟಿ ಇಲ್ಲ. ಕುಣಿ ಇಲ್ಲ. ಎಲ್ಲವೂ ಒಂದೇ ಕಪ್ಪು ಹೆಂಟೆ.

ಜನವರಿ 12, ಭಾನುವಾರ

ಕಲ್ಲನ್ನು ಮೂರು ಕಡೆ ಇಟ್ಟು ನೋಡಿದೆ. ಮೂರೂ ಕಡೆ ಅದೇ ಜಾಗ ಅನ್ನಿಸಿತು. ಮತ್ತೆ ಕಟ್ಟಿಗೆಯ ಕೆಳಗೆ ಮುಚ್ಚಿ ಬಂದೆ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಅಣ್ಣ ಬಂದಿದ್ದ. ಎಳ್ಳಿನ ಹೋಳಿಗೆಯನ್ನು ನಾನು ಮುಟ್ಟದೆ ಹಾಗೇ ಇಟ್ಟೆ. ಅವ್ವ ಹಣೆ ಮುಟ್ಟಿ ನೋಡಿದಳು. ಆಗ ಅಳು ಬಂತು, ಅಳುವಿನ ಜೊತೆ ಎಲ್ಲವೂ ಬಂತು.

ಅಣ್ಣ ತಾಟು ದೂಡಿ ಎದ್ದ. "ಹುಚ್ಚಿ ಇದ್ದೀಯೇನ್ ಬೇ? ದೌಲತರಾಯ ಹತ್ತು ವರ್ಷದಾಗ ಮಾಡಲಾರದ್ದು ನೀ ಒಂದು ರಾತ್ರಿಯಾಗ ಮಾಡಿ ಕೊಟ್ಟಿ!"

"ನೀ ಫೋನಿನ್ಯಾಗ ಅಂಗಳದಾಗ ಏನ್ ಪಿಸುಗುಡ್ತಿದ್ದಿ?" ಎಂದು ಕೇಳಿಯೇಬಿಟ್ಟೆ.

ಅವನು ಅವ್ವನ ಕಡೆ ನೋಡಿ ಕೆಂಪಾದ. ಜೇವರ್ಗಿಯಲ್ಲಿ ಯಾವುದೋ ಹುಡುಗಿಯಂತೆ. ಅವ್ವ ಅದನ್ನು ಆಮೇಲೆ ನೋಡೋಣ ಎಂದಳು.

ಅವ್ವ ನನ್ನನ್ನು ಬೈಯಲಿಲ್ಲ. "ಕಲ್ಲಿನ ತಳಗ ಇದ್ದಲಿ ಅದ" ಎಂದಳು. ಅಜ್ಜ ಆ ಕಲ್ಲು ನೆಟ್ಟಾಗ ಕುಣಿಯಲ್ಲಿ ಒಂದು ಬುಟ್ಟಿ ಇದ್ದಲಿ, ಅದರ ಮೇಲೆ ಒಡೆದ ಗಡಿಗೆಯ ಚೂರು ಹಾಕಿ, ತುಳಿದು ಗಟ್ಟಿ ಮಾಡಿ, ಮೇಲೆ ಕಲ್ಲು ನಿಲ್ಲಿಸಿದ್ದನಂತೆ. ಹಳಬರು ಹಾಗೇ ಮಾಡುತ್ತಿದ್ದರಂತೆ. ಕಲ್ಲು ಕಿತ್ತರೂ ಇದ್ದಲಿ ಕೊಳೆಯುವುದಿಲ್ಲ. ನಾನು ಕಲ್ಲು ಬಂದ ಕೂಡಲೇ ಮಣ್ಣು ಮುಚ್ಚಿದೆ, ಕೆಳಗೆ ನೋಡಲೇ ಇಲ್ಲ.

"ಹಂಗಾರ ಅಗದು ನೋಡೋಣ" ಎಂದೆ.

"ಅಷ್ಟೂ ಬದು ಅಗೀತೀ?" ಎಂದ ಅಣ್ಣ. "ಅಂವ ನೋಡ್ತಾನ. ಇವ್ರೇ ಕಲ್ಲು ಕಿತ್ತು ಈಗ ಹುಡುಕಾಕತ್ತಾರ ಅಂತ ಸರ್ವೇಯರ್ ಮುಂದ ಹೇಳ್ತಾನ. ಒಂದೆರಡು ಕುಣಿಯಾಗ ಸಿಕ್ರ ಸಿಗಬೇಕು."

ಆ ಜಾಗದ ಫೋಟೊ ಇರುವುದು ಎಳ್ಳಮಾಸಿಯ ರಾತ್ರಿ ಬಂದ ಇಬ್ಬರ ಹತ್ತಿರ ಮಾತ್ರ. ಅವರು ದೌಲತರಾಯನ ಕಡೆಯವರು.

ಜನವರಿ 17, ಶುಕ್ರವಾರ

ಮತ್ತೆ ಮುಜೀಬ ಚಾಚಾನ ಹತ್ತಿರ ಹೋದೆ. ಇವತ್ತು ಗಿರಾಕಿಗಳು ಹೋಗಲೆಂದು ಕಾಯಲಿಲ್ಲ.

"ಆ ಗುಲ್ಬರ್ಗಾದವ್ರು ಯಾರು ಚಾಚಾ? ದೌಲತರಾಯಗ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ. ಸಾಹುಕಾರ ನಿಮ್ಮ ಊರು ಯಾವ್ದು, ಮಂದಿ ಯಾವ್ದು ಅಂತ ಕೇಳಿದ್ರು, ಅವ್ರು ಹೇಳಿದ್ರು. ಅಷ್ಟೇ." ಸಕ್ಕರೆ ಡಬ್ಬಿಯ ಹಿಂದಿನಿಂದ ಒಂದು ಚೀಟಿ ತೆಗೆದ. "ರಾತ್ರಿ ಹೊಲದಾಗ ದೀಪ ನೋಡಿ ಯಾರಾರ ಅಂಜಿದ್ರ ಈ ನಂಬರಿಗೆ ಫೋನ್ ಹಚ್ಚಾಕ ಹೇಳ್ರಿ ಅಂತ ಕೊಟ್ಟು ಹೋಗ್ಯಾರ."

"ಅವತ್ತೇ ಯಾಕ ಕೊಡಲಿಲ್ಲ?"

"ನೀ ನಿಂತರಲ್ಲೇನ್ ಬೇ ಕೊಡೂದು! ಕುದುರಿ ಓಡ್ದಂಗ ಓಡ್ದಿ."

ಹದಿನೈದು ದಿನ ಆ ಚೀಟಿ ಸಕ್ಕರೆ ಡಬ್ಬಿಯ ಹಿಂದೆ ಇತ್ತು. ಇದನ್ನು ಎರಡನೆಯ ಸಲ ಬರೆಯುವುದಿಲ್ಲ.

ಅವನ ಫೋನಿನಿಂದಲೇ ಹಚ್ಚಿದೆ. ಹೆಂಗಸು ಎತ್ತಿದಳು. ಹೆಸರು ಅಮಿತಾ, ಕಣ್ಣಿನ ಡಾಕ್ಟರ್. ಅವರ ಯಜಮಾನರು ಸುಶಾಂತ, ಕಾಲೇಜಿನಲ್ಲಿ ಗಣಿತ ಕಲಿಸುತ್ತಾರಂತೆ.

"ಇದಕ್ಕ ಜಿಯೋಹ್ಯಾಷಿಂಗ್ ಅಂತಾರ್ರಿ. ಭೂಮಿ ಮ್ಯಾಲ ಚೌಕ ಚೌಕ ಗೆರಿ ಅಂತ ತಿಳಕೊಳ್ರಿ. ನಮ್ಮ ಚೌಕದಾಗ ಆಳಂದ, ಅಫಜಲಪುರ, ಜೇವರ್ಗಿ ಎಲ್ಲಾ ಬರ್ತಾವ. ತಾರೀಖು ಮತ್ತ ದೂರದ ದೇಶದ ಶೇರು ಬಜಾರದ ಅಂಕಿ ಕೂಡಿಸಿ ದಿನಾ ಹೊಸಾ ಜಾಗ ಒಂದು ಬರ್ತದ. ಎಲ್ಲಿ ಬರ್ತದ ಅಂತ ಯಾರಿಗೂ ಮೊದಲ ಗೊತ್ತಿರೂದಿಲ್ಲ. ಒಮ್ಮೆ ಭೀಮಾ ಹೊಳಿ ನಡುವ ಬಂದಿತ್ತು."

"ಹೋಗಿ ಏನ್ ಮಾಡ್ತೀರಿ?"

"ಏನಿಲ್ರಿ. ನಿಲ್ತೀವಿ. ಒಂದು ಫೋಟೊ ತೆಗೀತೀವಿ. ವಾಪಸ್ ಬರ್ತೀವಿ."

"ರಾತ್ರಿನೇ ಯಾಕ?"

"ದವಾಖಾನಿ ಮುಗಿಯೂದೇ ರಾತ್ರಿ ಆಗ್ತದಲ್ರಿ."

ಏನೂ ಸಿಗದ ಜಾಗಕ್ಕೆ ಡೀಸೆಲ್ ಸುಟ್ಟುಕೊಂಡು ಯಾರು ಹೋಗುತ್ತಾರೆ? ನಿಧಿ ಅಗೆಯುವವರು ಮಾತ್ರ ರಾತ್ರಿ ಹೊಲ ಹೊಲ ಸುತ್ತುತ್ತಾರೆ. ಹಾಗೆಂದು ಮುಖದ ಮೇಲೆ ಹೇಳಲಿಲ್ಲ. ಕಲ್ಲಿನ ವಿಷಯ ಹೇಳಿದೆ. ಆಕೆ ಯಜಮಾನರನ್ನು ಕರೆದು ಏನೋ ಕೇಳಿದಳು. ಆಮೇಲೆ, "ಕಲ್ಲಿನ ಮ್ಯಾಲ ಫೋನ್ ಇಟ್ಟು ತೆಗದ ಫೋಟೊ ಅದರಿ. ಫೋನಿನ್ಯಾಗ ಆ ಜಾಗದ ಅಂಕಿ ಕಾಣ್ತದ. ನಾಳಿ ರಾತ್ರಿ ಬರ್ಲೇನ್ರಿ?" ಎಂದಳು.

ಬನ್ನಿ ಎಂದೆ. ಫೋನ್ ಇಟ್ಟ ಮೇಲೆ ನೋಡಿದರೆ ಹೋಟೆಲಿನಲ್ಲಿ ಆರು ಮಂದಿ ಕುಳಿತು ಕೇಳುತ್ತಿದ್ದರು. ದೌಲತರಾಯ ಇರಲಿಲ್ಲ.

ಜನವರಿ 19, ಭಾನುವಾರ, ಬೆಳಗಿನ ಜಾವ

ಮೊದಲು ಇದು. ಬಿಳಿ ಗಾಡಿ ಬಂದು ನಿಂತ ಕೂಡಲೇ ಅಣ್ಣನಿಗೆ ಹೇಳಿ ಅದರ ನಂಬರು ಬರೆಸಿಕೊಂಡೆ. ಈ ಪುಸ್ತಕದ ಕೊನೆಯ ಹಾಳೆಯಲ್ಲಿ ಇದೆ. ನಮಗೆ ಏನಾದರೂ ಆಗಿದ್ದರೆ ಯಾರಿಗಾದರೂ ಸಿಗಲಿ ಎಂದು.

ಅವರು ಹಾರೆ ಗುದ್ದಲಿ ತಂದಿರಲಿಲ್ಲ. ಥರ್ಮಾಸಿನಲ್ಲಿ ಚಹಾ ತಂದಿದ್ದರು. ಸುಶಾಂತ ಸರ್ ಕಾಲಿಗೆ ಹೆಂಟೆ ತಾಕಿ ಎರಡು ಸಲ ಬಿದ್ದರು. ನಿಧಿ ಕಳ್ಳರು ಹೀಗೆ ಬೀಳುವುದಿಲ್ಲ ಎಂದು ಅನ್ನಿಸಿತು. ಆದರೆ ಬೇಕೆಂದೇ ಬೀಳಲೂಬಹುದು.

ಫೋನಿನಲ್ಲಿ ಎರಡು ಉದ್ದ ಅಂಕಿಗಳು. ಒಂದು ಹದಿನೇಳರಿಂದ, ಇನ್ನೊಂದು ಎಪ್ಪತ್ತಾರರಿಂದ ಶುರುವಾಗುತ್ತದೆ. ಹೆಜ್ಜೆ ಇಟ್ಟಂತೆ ಕೊನೆಯ ಅಂಕಿಗಳು ಬದಲಾಗುತ್ತವೆ. ಫೋಟೊದ ಅಂಕಿಗೆ ಕೂಡುವ ತನಕ ನಡೆಯಬೇಕು.

"ನೀವೇ ಹಿಡೀರಿ" ಎಂದು ಅಮಿತಾ ಮೇಡಂ ಫೋನ್ ನನ್ನ ಕೈಗೆ ಕೊಟ್ಟರು. "ಹೊಲದ ನೆಲ ನಿಮಗೇ ಗೊತ್ತು."

ನಡೆದೆ. ನಾಲ್ಕು ಹೆಜ್ಜೆ ಬಡಗಣಕ್ಕೆ, ಹೆಚ್ಚಾಯಿತು. ಎರಡು ಹಿಂದಕ್ಕೆ. ನಿಂತರೂ ಕೊನೆಯ ಅಂಕಿ ಕುಣಿಯುತ್ತಿತ್ತು. "ಅದು ಅಷ್ಟೇ ಹೇಳ್ತದ, ನಾಕೈದು ಹೆಜ್ಜಿ ಆಕಡಿ ಈಕಡಿ" ಎಂದರು ಸರ್. ಅವ್ವ ತನ್ನ ಸೀರೆಯ ಸೆರಗಿನಿಂದ ಬ್ಯಾಟರಿ ಮುಚ್ಚಿ ಹಿಡಿದಳು, ಬೆಳಕು ದೂರಕ್ಕೆ ಹೋಗದಿರಲಿ ಎಂದು. ಅಣ್ಣ ಮೊದಲ ಕುಣಿ ತೋಡಿದ. ಮಣ್ಣು. ಎರಡನೆಯದು. ಮಣ್ಣು.

ಮೂರನೆಯದರಲ್ಲಿ ಹಾರೆ ಮೆತ್ತಗೆ ಇಳಿಯಿತು, ನಾನು ತುಂಬಿದ ಮಣ್ಣು ಅದು. ಕೆಳಗೆ ಟಕ್ ಎಂದಿತು. ಕೆಂಪು ಗಡಿಗೆ ಚೂರು. ಅದರ ಸಂದಿಯಿಂದ ಅವ್ವ ಒಂದು ಹೆಂಟೆ ತೆಗೆದಳು. ಕಪ್ಪು ಮಣ್ಣಿನಲ್ಲಿ ಕಪ್ಪು ಇದ್ದಲಿ ಯಾರಿಗೆ ಕಾಣುತ್ತದೆ? ನನ್ನ ಈ ಪುಸ್ತಕ ಹೊಟ್ಟೆಯ ಹತ್ತಿರ ಸಿಕ್ಕಿಸಿಕೊಂಡಿದ್ದೆ. ತೆಗೆದು ಆ ಹೆಂಟೆಯಿಂದ ಹಾಳೆಯ ಮೇಲೆ ಗೀರಿದೆ. ಊದಿದೆ. ಹೋಗಲಿಲ್ಲ.

ಈ ಹಾಳೆಯ ಅಡ್ಡಕ್ಕೆ ಇರುವ ಗೆರೆ ಅದೇ.

ಅವ್ವ ಕುಣಿಯ ಅಂಚಿನಲ್ಲಿ ಕುಳಿತುಬಿಟ್ಟಳು. ಅಲ್ಲಿಂದ ಆಚೆ ಒಂದು ಚೂರನ್ನೂ ಕದಲಿಸಬೇಡಿ ಎಂದಳು. ಕಲ್ಲನ್ನು ಉರುಳಿಸಿ ತಂದು ಅದರ ಮೇಲೆ ನಿಲ್ಲಿಸಿದೆವು. ಅಮಿತಾ ಮೇಡಂ ಹಳೆಯ ಫೋಟೊವನ್ನು ಅಣ್ಣನ ಫೋನಿಗೆ ಕಳಿಸಿದರು.

ಹೋಗುವಾಗ ಅವರು ದುಡ್ಡು ಗಿಡ್ಡು ಏನೂ ಕೇಳಲಿಲ್ಲ. ಅದೇ ನನಗೆ ಅರ್ಥವಾಗುತ್ತಿಲ್ಲ.

ಜನವರಿ 20, ಸೋಮವಾರ

ದೌಲತರಾಯ ಬದುವಿನ ಗುಂಟ ಬಂದ. ಕಲ್ಲು ನೋಡಿದ. ಸುತ್ತಲಿನ ಹಸಿ ಮಣ್ಣನ್ನು ಚಪ್ಪಲಿಯ ತುದಿಯಿಂದ ಮುಟ್ಟಿದ. ನನ್ನ ಕಡೆ ನೋಡಿ ನಕ್ಕು ಹೋದ.

ಅವನು ಕೂಗಾಡಿದ್ದರೆ ಇವತ್ತು ನನಗೆ ನಿದ್ದೆ ಬರುತ್ತಿತ್ತು.

ಜನವರಿ 21, ಮಂಗಳವಾರ

ಸರ್ವೇಯರ್ ಅನೀಲಕುಮಾರ ಹನ್ನೊಂದಕ್ಕೆ ಬಂದರು. ಊರಿನ ಅರ್ಧ ಮಂದಿ ಬದುವಿನ ಮೇಲೆ ನಿಂತಿದ್ದರು. ಸರಪಳಿ ಬಿಚ್ಚುವ ಮುಂಚೆಯೇ ದೌಲತರಾಯ ಶುರು ಮಾಡಿದ.

"ಸಾಹೇಬ್ರ, ಈ ಕಲ್ಲಿಗಿ ಕಾಲ್ ಬಂದಾವ್ರಿ. ಹೋದ ವಾರ ಇರಲಿಲ್ಲ, ಈಗ ಬಂದು ನಿಂತದ. ಹಸಿ ಮಣ್ಣು ನೋಡ್ರಿ."

ಮಂದಿ ನಕ್ಕರು. ಸರ್ವೇಯರ್ ಬಗ್ಗಿ ನೋಡಿದರು. "ಯಾರು ಹಾಕಿದ್ದು ಇದು?"

ಅಣ್ಣ ನೆಲ ನೋಡಿದ. ಅವ್ವ ನನ್ನ ಕೈ ಹಿಡಿದಳು, ಸುಮ್ಮನಿರು ಎಂಬಂತೆ. ಆಮೇಲೆ ಬಿಟ್ಟಳು.

"ನಾ ಕಿತ್ತಿದ್ದೆರಿ. ನಾನೇ ಹಾಕೇನಿ" ಎಂದೆ. "ಇವ್ರು ಸರಸ್ತಾರ ಅಂತ ಅಂಜಿ ಕಿತ್ತಿದ್ದೆ. ತಪ್ಪು ನಂದೇ. ಆದ್ರ ಕಲ್ಲಿನ ತಳಗ ನಮ್ಮಜ್ಜ ಹಾಕಿದ ಇದ್ದಲಿ ಅದರಿ. ಬಾಜೂದಿಂದ ಅಗದು ನೋಡ್ರಿ."

"ಇದ್ದಲಿನೂ ಇವ್ರೇ ಹಾಕ್ಯಾರ" ಎಂದ ದೌಲತರಾಯ.

"ಹಾಕಿದ್ರ ನೋಡಿದ ಕೂಡ್ಲೇ ತಿಳೀತದಲ್ರಿ. ಅಗೀಲಿ ಬಿಡ್ರಿ, ನಿಮಗ ಯಾಕ ಅವಸರ?"

ಹೀಗೆ ಅಂದದ್ದು ನಾನೇ ಎಂದು ಆಮೇಲೆ ನೀರಿನ ಹತ್ತಿರ ಹೆಂಗಸರು ಹೇಳಿದರು.

ಸರ್ವೇಯರ್ ಪಕ್ಕದಿಂದ ಅಗೆಸಿದರು. ಇದ್ದಲಿ ಒಂದು ಗೇಣು ದಪ್ಪ, ನೆಲದ ಜೊತೆ ಕಚ್ಚಿಕೊಂಡಿತ್ತು. ಅದರ ನಡುವಿನಿಂದ ಯಾವುದೋ ಹಳೆಯ ಬೇರು ಹಾದು, ಅಲ್ಲೇ ಸತ್ತು, ಒಣಗಿ ಹೋಗಿತ್ತು. ಅವರು ಆ ಬೇರನ್ನು ಮುಟ್ಟಿ ನೋಡಿ, "ಇದು ಹೋದ ವಾರದ್ದಲ್ಲ ಬಿಡ್ರಿ" ಎಂದರು. ಎಳ್ಳಮಾಸಿಯ ಫೋಟೊವನ್ನೂ ತಾರೀಖನ್ನೂ ನೋಡಿದರು. ಸರಪಳಿ ಹಿಡಿದರು. ಬಾವಿ ಗೆರೆಯಿಂದ ಒಂಬತ್ತು ಹೆಜ್ಜೆ ನಮ್ಮ ಕಡೆಗೇ ಉಳಿಯಿತು.

ಕಲ್ಲು ಕಿತ್ತದ್ದು ತಪ್ಪು, ಅದು ಪಂಚನಾಮೆಯಲ್ಲಿ ಬರಲೇಬೇಕು ಎಂದರು. ನಾನು ಹೇಳಿದ್ದನ್ನು ಬರೆದುಕೊಳ್ಳಲು ಪೆನ್ನು ತೆಗೆದರು. ನಾನೇ ಬರೆಯುತ್ತೇನೆ ಎಂದೆ. ಏಳು ಸಾಲು ಬರೆದೆ. ಓದಿ ನೋಡಿ, "ಎಷ್ಟನೇ ಇಯತ್ತಾ ಓದಿದ್ಯವಾ?" ಎಂದು ಕೇಳಿದರು.

ದೌಲತರಾಯ ಸಹಿ ಹಾಕಿದ, ಆದರೆ ಅವನು ಬಿಡುವವನಲ್ಲ. ದಿನಾ ಬೆಳಿಗ್ಗೆ ಕಲ್ಲು ನೋಡಿ ಬರಬೇಕು.

ಜನವರಿ 26, ಭಾನುವಾರ

ನಿನ್ನೆ ಸಂಜೆ ಅಮಿತಾ ಮೇಡಂ ಊರಿಗೆ ಬಂದಿದ್ದ ಅಣ್ಣನ ನಂಬರಿಗೆ ಫೋನ್ ಮಾಡಿ ನನ್ನನ್ನು ಕೇಳಿದರು. "ಇವತ್ತಿನ ಜಾಗ ಆಳಂದ ಕಡಿ ಜಿಡಗಾ ಹತ್ತಿರ ಬಂದದ. ಬರ್ತೀಯೇನವಾ?" ಇವರಿಗೆ ನನ್ನಿಂದ ಏನಾಗಬೇಕು ಎಂದು ಒಂದು ತಾಸು ಯೋಚಿಸಿದೆ. ಆಮೇಲೆ ಅವ್ವನನ್ನು ಜೊತೆಗೆ ಕರೆದುಕೊಂಡು ಹೋದೆ. ಗಾಡಿಯಲ್ಲಿ ಅವ್ವನಿಗೆ ನಿದ್ದೆ ಬಂತು. ನಾನು ದಾರಿಯುದ್ದಕ್ಕೂ ಊರಿನ ಬೋರ್ಡುಗಳನ್ನು ಓದುತ್ತಾ ಕುಳಿತೆ, ಹೇಳಿದ ಕಡೆಗೇ ಹೋಗುತ್ತಿದ್ದಾರೋ ಇಲ್ಲವೋ ಎಂದು.

ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹೊಲದೊಳಗೆ ನಡೆದೆವು. ಫೋನ್ ನನ್ನ ಕೈಯಲ್ಲಿತ್ತು. ಕಡಲೆ ಗಿಡ ತುಳಿಯದ ಹಾಗೆ ಸಾಲಿನ ನಡುವೆ ಹೆಜ್ಜೆ ಇಡಬೇಕು ಎಂದು ಸರ್‌ಗೆ ಹೇಳಿಕೊಟ್ಟೆ. ಅಂಕಿ ಕೂಡಿತು. ಅಲ್ಲಿ ಏನೂ ಇರಲಿಲ್ಲ. ನಾಲ್ವರೂ ನಿಂತೆವು. ಚಳಿಗಾಳಿ, ಮೇಲೆ ತುಂಬ ಚುಕ್ಕಿ. ಬಾವಿ ತೋಡುವ ಮುಂಚೆ ನಮ್ಮ ಹೊಲದಲ್ಲೂ ಅಜ್ಜ ಒಂದು ರಾತ್ರಿ ಹೀಗೇ ನಿಂತಿರಬಹುದು.

ಆಗ ದೂರದ ಬಣವೆಯ ಹಿಂದೆ ಒಂದು ಸಣ್ಣ ದೀಪ ಕಂಡಿತು. ಕಂಡು ತಟ್ಟನೆ ಆರಿತು. ಯಾರೋ ಉಸಿರು ಹಿಡಿದು ಕುಳಿತಿದ್ದಾರೆ ಎಂದು ನನಗೆ ಒಬ್ಬಳಿಗೇ ತಿಳಿಯಿತು.

"ಅಂಜಬ್ಯಾಡ್ರಿ!" ಎಂದು ಕೂಗಿದೆ. "ನಾವು ಅಳೀಲಿಕ್ಕಿ ಬಂದವ್ರಲ್ಲ, ಅಗೀಲಿಕ್ಕಿ ಬಂದವ್ರಲ್ಲ! ಸುಮ್ಮನ ನಿಂತು ಹೋಗ್ತೀವಿ!"

ನಾಯಿಯೊಂದು ಬೊಗಳಿತು. ನನ್ನ ಹೆಸರು, ಊರು, ಅಣ್ಣನ ಫೋನ್ ನಂಬರು ಎಲ್ಲವನ್ನೂ ಕೂಗಿ ಹೇಳಿದೆ, ಎರಡು ಸಲ. ಆದರೂ ದೀಪ ಹತ್ತಲಿಲ್ಲ.

ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.